ನಿಮಿಷಕ್ಕೆ ನಲವತ್ತೆಂಟು

ಅಪ್ಪ ಆಳಂದದ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದ. ಹರೆಯದಲ್ಲಿ ಸೊಲ್ಲಾಪುರದ ಮಿಲ್ಲಿಗೆ ದುಡಿಯಲು ಹೋದಾಗ ಐದು ಗೆರೆಗಳ ಮೇಲೆ ಸ್ವರ ಬರೆಯುವುದನ್ನು ಕಲಿತು ಬಂದಿದ್ದ. ಕಾಯಿಲೆ ಬಿದ್ದ ಮೇಲೆ ತನ್ನ ಮಣ್ಣಿಗೆಂದು ಒಂದು ಧಾಟಿ ಬರೆದ. ಮನೆಯ ಬಾಗಿಲಿನಿಂದ ಸ್ಮಶಾನದ ಗೇಟಿನವರೆಗೆ ಅದೊಂದೇ, ನಡುವೆ ಬೇರೇನೂ ಬಾರಿಸಬಾರದು ಎಂದು ನನಗೆ ಹೇಳಿದ್ದ. ಅವನು ನನ್ನಿಂದ ಕೇಳಿದ್ದು ಅದನ್ನಷ್ಟೇ.

ಹಾಳೆಯ ಮೇಲ್ತುದಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಲಾರ್ಗೊ ಎಂದು, ಪಕ್ಕದಲ್ಲಿ 48 ಎಂದು ಬರೆದಿತ್ತು. ಬೇರೆ ಹಾಳೆಗಳಲ್ಲಿ 96, 112 ಇದ್ದವು. ಅವು ಧಾಟಿಗಳ ಕ್ರಮಸಂಖ್ಯೆ ಎಂದುಕೊಂಡೆ. ಕೇಳಬಹುದಿತ್ತು, ಕೇಳಲಿಲ್ಲ.

ಮಣ್ಣಿನ ದಿನ ಹಾಳೆಯನ್ನು ಕ್ಲಾರಿನೆಟ್ ಊದುವವನ ಕೈಗೆ ಕೊಟ್ಟೆ. ಅವನಿಗೆ ಸ್ವರ ಓದಲು ಕಲಿಸಿದವನು ಅಪ್ಪನೇ. ಬಿಸಿಲು ಏರಿತ್ತು. ಹೊತ್ತವರು ಹೆಗಲು ಬದಲಿಸುತ್ತ ನಿಧಾನ ನಡೆಯುತ್ತಿದ್ದರು, ಬ್ಯಾಂಡು ಮಾತ್ರ ಓಡುತ್ತಿತ್ತು. ಬಸ್ ನಿಲ್ದಾಣದ ತಿರುವಿಗೇ ಧಾಟಿ ಮುಗಿದುಹೋಯಿತು. ಉಳಿದ ದಾರಿಗೆ ಅವರು ಮದುವೆ ಮೆರವಣಿಗೆಯ ಹಾಡು ಹಿಡಿದರು.

"ಮುದುಕಗ ಇನ್ನೊಂದು ಲಗ್ನಾ ಮಾಡಾಕತ್ತೀರೇನಲೇ" ಎಂದ ಹಿಂದೆ ಬರುತ್ತಿದ್ದವನೊಬ್ಬ. ಕೆಲವರು ನಕ್ಕರು.

ನಾನು ಜೇವರ್ಗಿಯ ಶಾಲೆಯೊಂದರಲ್ಲಿ ಗುಮಾಸ್ತೆ. ಕೆಲವು ವಾರಗಳ ಮೇಲೆ ಅಲ್ಲಿಯ ಸಂಗೀತದ ಮೇಷ್ಟ್ರಿಗೆ ಹಾಳೆ ತೋರಿಸಿದೆ. ಲಾರ್ಗೊ ಎಂದರೆ ತುಂಬ ನಿಧಾನ, 48 ಎಂದರೆ ನಿಮಿಷಕ್ಕೆ ಅಷ್ಟು ಪೆಟ್ಟು ಎಂದು ವಿವರಿಸಿ, ಮೊಬೈಲಿನಲ್ಲಿ ಟಕ್ ಟಕ್ ಎಂದು ಕೇಳಿಸಿದರು. ಒಂದು ಪೆಟ್ಟಾದ ಮೇಲೆ ಇನ್ನೊಂದು ಬರುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅಪ್ಪ ಕೈಗಡಿಯಾರ ನೋಡುತ್ತ ಸ್ಮಶಾನದ ದಾರಿಯಲ್ಲಿ ನಡೆಯುತ್ತಿದ್ದುದು ಧಾಟಿಯ ಉದ್ದವನ್ನು ದಾರಿಗೆ ಹೊಂದಿಸಲು ಎಂದು ಆಗ ತಿಳಿಯಿತು. ನಡೆಯಲು ಡಾಕ್ಟರು ಹೇಳಿರಬೇಕು ಎಂದುಕೊಂಡಿದ್ದೆ.

ಊರಿಗೆ ಹೋಗಿ ಕ್ಲಾರಿನೆಟ್‌ನವನನ್ನು ಕೇಳಿದೆ. ಬಿಸಿಲಿಗೆ ಎಲ್ಲರಿಗೂ ಅವಸರವಾಗಿತ್ತು ಎಂದು ಮೊದಲು ಹೇಳಿದ. ಆಮೇಲೆ ತಲೆ ತಗ್ಗಿಸಿದ.

"ಸುಳ್ಳ್ಯಾಕ ಹೇಳ್ಲಿ ಅಕ್ಕಾ, ನಂಬರ್ ನೋಡಿದ್ದೆ. ಮಧ್ಯಾಹ್ನ ಅಫಜಲಪುರದಾಗ ಲಗ್ನ ಇತ್ರಿ. ಜೋರ್ ಬಾರಿಸಿದ್ರ ಹೊತ್ತವರೂ ಜಲ್ದಿ ನಡೀತಾರ ಅಂತ ಮಾಡಿದೆ."

"ಆ ಲಗ್ನಕ್ಕ ಬ್ಯಾರೇ ಬ್ಯಾಂಡಿನವರನ್ನ ಕಳಸಬೇಕಿತ್ತು" ಅಂದೆ.

"ಲಗ್ನದವರಿಗೆ ಮಾತು ಕೊಟ್ಟಾಂವ ನಿಮ್ಮಪ್ಪನ್ರಿ."

ಮರುದಿನ ಬೆಳಿಗ್ಗೆ ಮನೆಯಿಂದ ಒಬ್ಬಳೇ ಹೊರಟು, ಮೊಬೈಲಿನಲ್ಲಿ 48ರ ಟಕ್ ಟಕ್ ಹಚ್ಚಿ, ಪೆಟ್ಟಿಗೊಂದು ಹೆಜ್ಜೆಯಂತೆ ಸ್ಮಶಾನದ ಗೇಟಿನವರೆಗೆ ನಡೆದೆ. ಹಾಲಿನವನು ಸೈಕಲ್ ನಿಲ್ಲಿಸಿ, ಕಾಲಿಗೆ ಏನಾಯಿತೆಂದು ಕೇಳಿದ. ಏನಿಲ್ಲ ಎಂದೆ. ಹೆಜ್ಜೆಯ ವೇಗ ಸರಿಯಾಗಿತ್ತು. ಧಾಟಿಯನ್ನು ಓದಲು ನನಗೆ ಬರುವುದಿಲ್ಲ.