ಟೀಗೆ ಮುಂಚಿನ ಅಂಕಗಳು

ರಬ್ಬರಪ್ಪನವರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಭದ್ರವಾಗಿತ್ತು, ಅಲ್ಲಿಂದ ಆಚೆ ಬರಲೇ ಇಲ್ಲ. ಕಚೇರಿಯಲ್ಲಿ ಮೇಲಧಿಕಾರಿಯಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರ ಬಾಯಲ್ಲೂ ಅವರು ರಬ್ಬರಪ್ಪನೇ. ಆ ಹೆಸರಿನಿಂದ ಅವರಿಗೆ ಬೇಜಾರೇನೂ ಇರಲಿಲ್ಲ. ಬೇಜಾರು ಮಾಡಿಕೊಳ್ಳುವವರು ಸರ್ಕಾರಿ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂರಲಾರರು.

ಅವರು ಕೂರುತ್ತಿದ್ದದ್ದು ಎರಡನೇ ಮಹಡಿಯ ವಿದೇಶ ವ್ಯಾಸಂಗ ಶಾಖೆಯಲ್ಲಿ. ಸರ್ಕಾರದ ಖರ್ಚಿನಲ್ಲಿ ಹೊರದೇಶಕ್ಕೆ ಹೋಗಿ ಓದಿಬರಲು ಯೋಗ್ಯರನ್ನು ಆರಿಸುವ ಜಾಗ ಅದು. ವರ್ಷಕ್ಕೆ ಆರು ಸೀಟು. ಅರ್ಜಿ ಮಾತ್ರ ನಾನೂರಕ್ಕೆ ಕಡಿಮೆ ಬಂದದ್ದಿಲ್ಲ. ಅದರಲ್ಲಿ ಮುನ್ನೂರೈವತ್ತನ್ನು ತಳ್ಳಿಹಾಕುವುದು ರಬ್ಬರಪ್ಪನವರ ಮೊದಲ ಕೆಲಸ. ಫೋಟೋದ ಹಿನ್ನೆಲೆ ಬಿಳಿ ಇರಬೇಕು, ಕೆನೆಬಣ್ಣ ಇದ್ದರೆ ಹೊರಗೆ. ನಡತೆ ಪತ್ರ ಕೊಟ್ಟ ಅಧಿಕಾರಿಗೆ ಅಭ್ಯರ್ಥಿ ಮೂರು ವರ್ಷದಿಂದ ಗೊತ್ತಿರಬೇಕು, ಪತ್ರಕ್ಕೆ ಮಾತ್ರ ಮೂರು ತಿಂಗಳು ಮೀರಿರಬಾರದು. ಕ್ಯಾನ್ಸರಿಗೆ ಔಷಧ ಹುಡುಕುತ್ತಿದ್ದ ಒಬ್ಬ ಬುದ್ಧಿವಂತ ಹದಿನಾಲ್ಕು ಲಗತ್ತುಗಳಲ್ಲಿ ಹನ್ನೊಂದನೆಯದನ್ನು ಹನ್ನೆರಡನೆಯದರ ಕೆಳಗೆ ಪಿನ್ ಮಾಡಿ ಮನೆಗೆ ಹೋದ. ಈಗಲೂ ಮನೆಯಲ್ಲೇ ಇದ್ದಾನೆ.

ಉಳಿದ ಐವತ್ತು ಮಂದಿಯನ್ನು ಐದು ಜನರ ಸಮಿತಿ ಸಂದರ್ಶನ ಮಾಡುತ್ತಿತ್ತು. ನಿವೃತ್ತರಾದ ಮೇಲೂ ನಿವೃತ್ತಿ ಒಪ್ಪಿಕೊಳ್ಳದ ದೊಡ್ಡ ಅಧಿಕಾರಿಯೊಬ್ಬರು ಅಧ್ಯಕ್ಷರು. ಇಬ್ಬರು ಪ್ರೊಫೆಸರುಗಳು, ಇಲಾಖೆಯವರೊಬ್ಬರು. ಐದನೆಯವರನ್ನು ತಜ್ಞರು ಎನ್ನುತ್ತಿದ್ದರು. ಯಾವುದರಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ತಜ್ಞರು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರು, ಅಲ್ಲಿ ಚಳಿ ಜಾಸ್ತಿ, ತಡೆದುಕೊಳ್ಳುತ್ತೀರಾ ಎಂದು. ತಡೆದುಕೊಳ್ಳುತ್ತೇನೆ ಎಂದವರಿಗೆ ಹತ್ತಕ್ಕೆ ಏಳು, ಯೋಚಿಸಿ ತಡೆದುಕೊಳ್ಳುತ್ತೇನೆ ಎಂದವರಿಗೆ ಎಂಟು.

ಈಗ ಹೆಸರಿನ ವಿಷಯಕ್ಕೆ ಬರೋಣ. ಐವರೂ ಅಂಕವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಚರ್ಚೆಗೆ ಅನುಕೂಲವಾಗಲಿ ಎಂದು ಯಾವ ಪುಣ್ಯಾತ್ಮನೋ ಆರಂಭಿಸಿದ ಪದ್ಧತಿ. ಕೊನೆಯ ಅಭ್ಯರ್ಥಿ ಹೋದ ಕೂಡಲೇ ಹಾಳೆಯ ಬುಡದಲ್ಲಿ ಎಲ್ಲರೂ ಪೆನ್ನಿನಲ್ಲಿ ಸಹಿ ಹಾಕುತ್ತಿದ್ದರು, ಏಕೆಂದರೆ ಹೊರಗೆ ಕಾರುಗಳು ಕಾಯುತ್ತಿದ್ದವು. ಆಮೇಲೆ ಟೀ ಬರುತ್ತಿತ್ತು. ಟೀ ಕುಡಿದು ನಾಲ್ವರು ಹೊರಟ ಮೇಲೆ ಅಧ್ಯಕ್ಷರು ಜೇಬಿನಿಂದ ಒಂದು ಚೀಟಿ ತೆಗೆದು ಫೈಲಿನೊಳಗೆ ಸಿಕ್ಕಿಸಿ, “ಸ್ವಲ್ಪ ಸಮತೋಲನ ನೋಡ್ಕೊಳ್ಳಿ” ಎನ್ನುತ್ತಿದ್ದರು. ಚೀಟಿಯಲ್ಲಿ ಆರು ಕ್ರಮಸಂಖ್ಯೆ ಇರುತ್ತಿದ್ದವು, ಬೇರೇನೂ ಇರುತ್ತಿರಲಿಲ್ಲ. ರಬ್ಬರಪ್ಪನವರು ಬಾಗಿಲು ಮುಂದೆ ಮಾಡಿ, ಅಂಕಗಳನ್ನು ರಬ್ಬರಿನಿಂದ ಉಜ್ಜಿ, ಆ ಆರು ಮಂದಿ ಮೇಲೆ ಬರುವಂತೆ ಹೊಸ ಅಂಕಗಳನ್ನು ಶಾಯಿಯಲ್ಲಿ ಬರೆಯುತ್ತಿದ್ದರು. ಸಹಿ ಮೊದಲೇ ಆಗಿರುತ್ತಿತ್ತಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯುತ್ತಿತ್ತು.

ಇದನ್ನು ತಪ್ಪು ಎಂದು ಅವರು ಅಂದುಕೊಂಡಿರಲಿಲ್ಲ. ಇಷ್ಟು ವರ್ಷದಲ್ಲಿ ಸ್ವಂತ ಇಚ್ಛೆಯಿಂದ ಒಂದೇ ಒಂದು ಅಂಕ ಬದಲಾಯಿಸಿದವರಲ್ಲ, ಯಾರಿಂದಲೂ ಒಂದು ಲೋಟ ನೀರನ್ನೂ ಕುಡಿದವರಲ್ಲ. ಹಾಗಾಗಿ ತಾವು ಪ್ರಾಮಾಣಿಕರು ಎಂದೇ ನಂಬಿದ್ದರು, ಆ ನಂಬಿಕೆಯನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ದಿನವೂ ತೊಟ್ಟುಕೊಂಡು ಬರುತ್ತಿದ್ದರು. ಮಾಡಿಸುವವರು ಬೇರೆ, ಮಾಡುವವರು ಬೇರೆ ಎಂಬ ಸಮಾಧಾನ ಗುಮಾಸ್ತರಿಗೆ ಸುಲಭವಾಗಿ ಸಿಗುತ್ತದೆ.

ಹೀಗಿರುವಾಗ ಅವರ ತಂಗಿಯ ಮಗಳು ಅರ್ಜಿ ಹಾಕಿದಳು. ಹೊಲಿಗೆ ಮಾಡಿ ಓದಿಸಿದ ತಾಯಿಯ ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಹಳೆಯ ಸೇತುವೆಗಳನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಎಲ್ಲಿ ಬಿರುಕಿದೆ ಎಂದು ಹೇಳುವ ವಿದ್ಯೆ ಅವಳದು. ಆ ವಿದ್ಯೆಯಲ್ಲಿ ಇನ್ನೂ ಮುಂದಕ್ಕೆ ಓದಬೇಕಾದರೆ ಹೊರಗೇ ಹೋಗಬೇಕು. ವಯಸ್ಸಿನ ಮಿತಿ ಮೂವತ್ತು, ಅವಳಿಗೆ ಇಪ್ಪತ್ತೊಂಬತ್ತು ತುಂಬಿ ಹತ್ತು ತಿಂಗಳು. ಈ ವರ್ಷ ಆಯಿತು ಎಂದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹಿಂದೆ ಎರಡು ಸಲ ಹಾಕೋಣ ಎಂದುಕೊಂಡಾಗ ಮಾವನೇ ಬೇಡ ಎಂದಿದ್ದರು, ಜನ ಏನಾದರೂ ಅಂದಾರು ಎಂದು. ಈ ಸಲ ತಂಗಿ ನೇರವಾಗಿಯೇ ಹೇಳಿದಳು: “ಅಣ್ಣ, ಸಹಾಯ ಮಾಡು ಅಂತ ನಾನು ಕೇಳ್ತಿಲ್ಲ. ಅಡ್ಡ ನಿಲ್ಲಬೇಡ ಅಷ್ಟೇ.”

ರಬ್ಬರಪ್ಪನವರು ಅಡ್ಡ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಮಾಡಿದರು. ತಮ್ಮ ಸಂಬಂಧಿಯೊಬ್ಬರು ಅಭ್ಯರ್ಥಿಯಾಗಿರುವುದರಿಂದ ಈ ಸಲದ ಆಯ್ಕೆಯ ಕೆಲಸದಿಂದ ತಮ್ಮನ್ನು ಬಿಡಬೇಕು ಎಂದು ಲಿಖಿತವಾಗಿ ಕೊಟ್ಟರು. ಕಚೇರಿಯಲ್ಲಿ ಇಂಥ ಕಾಗದ ಯಾರೂ ನೋಡಿರಲಿಲ್ಲ. ನಿಯಮದ ಪುಸ್ತಕದಲ್ಲಿ ಸಂಬಂಧಿ ಎಂದರೆ ಯಾರು ಯಾರು ಎಂಬ ಪಟ್ಟಿ ಇತ್ತು, ಅದರಲ್ಲಿ ತಂಗಿಯ ಮಗಳು ಇರಲಿಲ್ಲ. ಹೆಂಡತಿಯ ತಮ್ಮನ ಮಗನೂ ಇರಲಿಲ್ಲ. ಅಧ್ಯಕ್ಷರ ಹೆಂಡತಿಯ ತಮ್ಮನ ಮಗ ಅದೇ ವರ್ಷ ಅರ್ಜಿ ಹಾಕಿದ್ದ, ಅಧ್ಯಕ್ಷರು ತಮಗೆ ಸಂಬಂಧಿಗಳೇ ಇಲ್ಲ ಎಂದು ನಿಶ್ಚಿಂತೆಯಿಂದ ಸಹಿ ಹಾಕಿದ್ದರು. ರಬ್ಬರಪ್ಪನವರ ಕಾಗದ ಓದಿ ಅವರು ಮೂಗು ಮುರಿದರು, ಬೆನ್ನನ್ನೂ ತಟ್ಟಿದರು. ರಬ್ಬರಪ್ಪನವರನ್ನು ಮೂರು ವಾರ ನೆಲಮಾಳಿಗೆಯ ದಾಖಲೆ ಕೋಣೆಗೆ ಕಳಿಸಿದರು.

ಅವರ ಜಾಗಕ್ಕೆ ಪಶುಸಂಗೋಪನೆ ಇಲಾಖೆಯಿಂದ ಒಬ್ಬ ಗುಮಾಸ್ತೆ ಬಂದರು. ಮೂವತ್ತೊಂದು ಅಂಶಗಳನ್ನು ಬರೆದು ಅವರಿಗೆ ಕೆಲಸ ಒಪ್ಪಿಸಿದರು ರಬ್ಬರಪ್ಪನವರು. ಚೀಟಿಯ ವಿಷಯ ಮಾತ್ರ ಬರೆಯುವಂಥದ್ದಲ್ಲ, ಬಾಯಲ್ಲೇ ಹೇಳಬೇಕು. ಹೇಳೋಣ ಎಂದು ಎರಡು ಸಲ ಬಾಯಿ ತೆರೆದರು. ಆಕೆ ಕನ್ನಡಕದ ಮೇಲಿಂದ ನೋಡುತ್ತಾ ಇನ್ನೇನಾದರೂ ಉಂಟೇ ಎಂದು ಕೇಳಿದರೆ, ಇಲ್ಲ ಎಂದುಬಿಟ್ಟರು. ನಾಚಿಕೆಯಾಯಿತೋ, ಪುಟ್ಟಿಯ ಮುಖ ಕಣ್ಣೆದುರು ಬಂತೋ, ಅವರಿಗೇ ಗೊತ್ತಾಗಲಿಲ್ಲ.

ಸಂದರ್ಶನದಲ್ಲಿ ಪುಟ್ಟಿ ಸಮಿತಿಯ ಮೇಜನ್ನೇ ಬೆರಳಿನಿಂದ ತಟ್ಟಿ, ಎಡಗಡೆಯ ಕಾಲು ಸಡಿಲವಾಗಿದೆ, ಯಾರೂ ಒರಗಬೇಡಿ ಎಂದಳಂತೆ. ಬಗ್ಗಿ ನೋಡಿದರೆ ಹೌದು. ಚಳಿಯ ಪ್ರಶ್ನೆಗೆ, ಸ್ವೆಟರ್ ಇದೆ ಎಂದಳಂತೆ. ಪ್ರೊಫೆಸರುಗಳಿಬ್ಬರೂ ಪೆನ್ಸಿಲಿನಲ್ಲಿ ಒಂಬತ್ತೊಂಬತ್ತು ಬರೆದರು. ಪೆನ್ಸಿಲಿನಲ್ಲಿ ಬರೆಯುವಾಗ ಜನ ಧಾರಾಳವಾಗಿ ನಿಜ ಬರೆಯುತ್ತಾರೆ.

ಸಹಿ ಆಯಿತು, ಟೀ ಬಂತು. ಅಧ್ಯಕ್ಷರು ಚೀಟಿ ಸಿಕ್ಕಿಸಿ, ಸಮತೋಲನ ನೋಡಿಕೊಳ್ಳಿ ಎಂದು ಹೇಳಿ ಹೊರಟರು. ಹೊಸ ಗುಮಾಸ್ತೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು. ಸಹಿ ಇಲ್ಲ, ತಾರೀಖಿಲ್ಲ. ಅವರು ಹಿಂದೆ ಇದ್ದ ಇಲಾಖೆಯಲ್ಲಿ ಎಮ್ಮೆಯ ತೂಕ ಒಮ್ಮೆ ಬರೆದರೆ ಬರೆದದ್ದೇ, ಎಮ್ಮೆಗೆ ಸಮತೋಲನ ಮಾಡುವ ಪದ್ಧತಿ ಇರಲಿಲ್ಲ. ಚೀಟಿಯನ್ನು ಬುಟ್ಟಿಗೆ ಹಾಕಿದರು. ಐದು ಸಹಿ ಇದ್ದ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿ ಮೇಲಕ್ಕೆ ಕಳಿಸಿದರು. ಮಂತ್ರಿಗಳು ಎಂದಿನಂತೆ ಓದದೆ ಸಹಿ ಮಾಡಿದರು. ಮರುದಿನ ಫಲಕದಲ್ಲಿ ಪಟ್ಟಿ ಬಿತ್ತು, ಮೊದಲ ಹೆಸರು ಪುಟ್ಟಿಯದು. ಅಧ್ಯಕ್ಷರ ಹೆಂಡತಿಯ ತಮ್ಮನ ಮಗ ಇಪ್ಪತ್ತಮೂರನೆಯವನು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸರಿಯಾದ ಆಯ್ಕೆ ನಡೆಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ವಿಚಾರಣೆಯೂ ನಡೆಯಿತು. ನನ್ನ ಚೀಟಿ ಎಲ್ಲಿ ಎಂದು ಅಧ್ಯಕ್ಷರು ಕೇಳುವಂತಿರಲಿಲ್ಲ. ಆದ್ದರಿಂದ ಹೆಸರಿಲ್ಲದ ದೂರೊಂದು ಬಂತು, ಶಾಖೆಯ ಗುಮಾಸ್ತರು ತಂಗಿಯ ಮಗಳನ್ನು ತೂರಿಸಿದ್ದಾರೆ, ತಮ್ಮ ಕೈವಾಡ ಮುಚ್ಚಿಡಲು ಮೂರು ವಾರ ನೆಲಮಾಳಿಗೆಯಲ್ಲಿ ಅಡಗಿದ್ದರು ಎಂದು. ವಿಚಾರಣೆ ಮುಗಿಯುವ ತನಕ ಪುಟ್ಟಿಯ ಆಯ್ಕೆಯ ಆದೇಶವನ್ನು ತಡೆಹಿಡಿದರು. ಕಚೇರಿಯವರು ರಬ್ಬರಪ್ಪನವರನ್ನು ಮೊದಲ ಸಲ ಗೌರವದಿಂದ ನೋಡತೊಡಗಿದರು. ಸಾಧು ಎಂದುಕೊಂಡಿದ್ದೆವು, ಪರವಾಗಿಲ್ಲ, ಗಟ್ಟಿ ಆಸಾಮಿ ಎಂದು ಹಲ್ಲು ಕಿಸಿದರು. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ವಿಚಾರಣೆಗೆ ಬಂದವರು ಒಬ್ಬ ಉಪಕಾರ್ಯದರ್ಶಿ. ಮಾತು ಮಾತಿಗೆ “ನಾನು ಅಲ್ಲಿದ್ದಾಗ” ಎನ್ನುವ ಚಾಳಿ ಅವರಿಗೆ. ಅಲ್ಲಿದ್ದಾಗ ಎಲ್ಲ ಪಾರದರ್ಶಕವಾಗಿತ್ತಂತೆ, ಅಲ್ಲಿದ್ದಾಗ ಜನ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಅವರೂ ಹತ್ತೊಂಬತ್ತು ವರ್ಷದ ಹಿಂದೆ ಇದೇ ಸರ್ಕಾರಿ ಖರ್ಚಿನಲ್ಲಿ ಅಲ್ಲಿಗೆ ಹೋದವರು.

ರಬ್ಬರಪ್ಪನವರಿಗೆ ಎರಡೇ ದಾರಿ ಇದ್ದವು. ಬಾಯಿ ಮುಚ್ಚಿಕೊಂಡರೆ ಪುಟ್ಟಿಯ ಸೀಟು ಹೋಗುತ್ತದೆ. ಬಾಯಿ ಬಿಟ್ಟರೆ ತಮ್ಮ ಇಪ್ಪತ್ತೆರಡು ವರ್ಷ ಹೋಗುತ್ತದೆ. ಅವರು ಒಂದು ಹಳೆಯ ಅಂಕಪಟ್ಟಿಯನ್ನು ದಾಖಲೆ ಕೋಣೆಯಿಂದ ತೆಗೆದುಕೊಂಡು ಹೋಗಿ ಉಪಕಾರ್ಯದರ್ಶಿಗಳ ಮೇಜಿನ ಮೇಲಿಟ್ಟರು. ಪೆನ್ಸಿಲು, ಟೀ, ಚೀಟಿ, ಎಲ್ಲವನ್ನೂ ಹೇಳಿದರು. ಈ ವರ್ಷದ ಪಟ್ಟಿಯೊಂದೇ ಯಾರೂ ಮುಟ್ಟದ ಪಟ್ಟಿ ಎಂದರು.

“ಇದಕ್ಕೆ ಸಾಕ್ಷಿ?” ಎಂದರು ಉಪಕಾರ್ಯದರ್ಶಿ.

“ಬೆಳಕಿಗೆ ಹಿಡಿದು ನೋಡಿ ಸರ್. ಪೆನ್ಸಿಲ್ ಅಳಿಸಬಹುದು, ಒತ್ತಿ ಬರೆದ ಗುರುತು ಹೋಗಲ್ಲ.”

ಅವರು ಎದ್ದು ಕಿಟಕಿಗೆ ಹಿಡಿದು ನೋಡಿದರು. ಐದು ಎಂದು ಶಾಯಿಯಲ್ಲಿ ಬರೆದ ಕಡೆ ಒಂಬತ್ತರ ಗುರುತು ಸ್ಪಷ್ಟವಾಗಿತ್ತು. ತಿರುಗದೆಯೇ ಕೇಳಿದರು.

“ಎಲ್ಲಾ ವರ್ಷದ್ದೂ ಇದೆಯಾ?”

“ಇದೆ ಸರ್.”

“ನಾನು ಹೋದ ವರ್ಷದ್ದು?”

“ಅದೂ ಇದೆ. ತರ್ಲಾ ಸರ್?”

ಹೆದರಿಸಬೇಕೆಂದು ಕೇಳಿದ್ದೋ, ಗುಮಾಸ್ತಿಕೆಯ ಅಭ್ಯಾಸದಿಂದ ಕೇಳಿದ್ದೋ ರಬ್ಬರಪ್ಪನವರು ಆಮೇಲೆ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಉಪಕಾರ್ಯದರ್ಶಿ ಹಾಳೆಯನ್ನು ಮಡಚಿ ವಾಪಸು ಕೊಟ್ಟು, ಬೇಡ, ನೀವು ಹೋಗಿ ಎಂದರು. ಆ ದಿನ ಅವರು ಅಲ್ಲಿದ್ದಾಗಿನ ಸುದ್ದಿ ಒಂದನ್ನೂ ಎತ್ತಲಿಲ್ಲ.

ವರದಿ ನಾಲ್ಕೇ ದಿನದಲ್ಲಿ ಬಂತು. ಈ ವರ್ಷದ ಆಯ್ಕೆಯಲ್ಲಾಗಲಿ, ಹಿಂದಿನ ಯಾವ ವರ್ಷದ ಆಯ್ಕೆಯಲ್ಲಾಗಲಿ ಯಾವ ಲೋಪವೂ ಕಂಡುಬಂದಿಲ್ಲ. ಕುಮಾರಿಯವರ ಆದೇಶವನ್ನು ಬಿಡುಗಡೆ ಮಾಡತಕ್ಕದ್ದು. ಇನ್ನು ಮುಂದೆ ಪಾರದರ್ಶಕತೆಯ ದೃಷ್ಟಿಯಿಂದ ಪೆನ್ಸಿಲ್ ಬಳಕೆ ನಿಷಿದ್ಧ, ಅಂಕಗಳನ್ನು ನೇರವಾಗಿ ಶಾಯಿಯಲ್ಲಿ, ಟೀ ಆದ ಮೇಲೆಯೇ ಬರೆಯತಕ್ಕದ್ದು. ಸಂಬಂಧವನ್ನು ತಾವಾಗಿಯೇ ತಿಳಿಸಿದ ಗುಮಾಸ್ತರಿಗೆ ಒಂದು ಪ್ರಶಂಸಾಪತ್ರ. ಅವರನ್ನು ನಿವೃತ್ತಿಯವರೆಗೆ ದಾಖಲೆ ಕೋಣೆಯಲ್ಲೇ ಮುಂದುವರಿಸುವುದು. ಸ್ಥಳದ ಅಭಾವದಿಂದಾಗಿ ಹಳೆಯ ಅಂಕಪಟ್ಟಿಗಳನ್ನೆಲ್ಲ ಒಂದು ವಾರದೊಳಗೆ ಅವರ ಕೈಯಿಂದಲೇ ನಾಶಪಡಿಸುವುದು. ದಾಖಲೆ ಕೋಣೆಯಲ್ಲಿ ಎರಡು ಮದುವೆ ಮಾಡುವಷ್ಟು ಜಾಗ ಖಾಲಿ ಇತ್ತು.

ರಬ್ಬರಪ್ಪನವರು ಹರಿದರು. ಹರಿಯದಿದ್ದರೆ ಆದೇಶ ಮತ್ತೆ ನಿಲ್ಲುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ವರ್ಷಕ್ಕೊಂದು ಕಟ್ಟು ಬಿಚ್ಚಿ, ನಾಲ್ಕು ಚೂರು ಮಾಡಿ, ಗೋಣಿಚೀಲಕ್ಕೆ ತುಂಬುತ್ತಿದ್ದರು. ಹೆಸರು ಕಂಡ ಕೂಡಲೇ ಮುಖ ನೆನಪಾಗುತ್ತಿತ್ತು. ಸಂದರ್ಶನದ ದಿನ ತಂದೆಯ ಕೋಟು ಹಾಕಿಕೊಂಡು ಬಂದವನು, ಫಲಿತಾಂಶ ಕೇಳಲು ನಾಲ್ಕು ಸಲ ಬಂದು ಪ್ರತಿ ಸಲವೂ ಥ್ಯಾಂಕ್ಸ್ ಹೇಳಿ ಹೋದವಳು. ಪ್ರಾಮಾಣಿಕ ಎಂಬ ಅಂಗಿ ಆ ವಾರ ಮೈಗೆ ಚುಚ್ಚತೊಡಗಿತು.

ಐದನೆಯ ದಿನ ಪುಟ್ಟಿ ಬಂದಳು. ಕೈಯಲ್ಲಿ ಆದೇಶ, ಸ್ವೀಕಾರ ಪತ್ರ. ಸಂಜೆ ಐದರೊಳಗೆ ಸ್ವೀಕಾರ ಪತ್ರವನ್ನು ಎರಡನೇ ಮಹಡಿಗೆ ಕೊಡಬೇಕಿತ್ತು. ಮಾವನಿಗೆ ಮೊದಲು ತೋರಿಸೋಣ ಎಂದು ಮೆಟ್ಟಿಲಿಳಿದು ಓಡಿ ಬಂದವಳು ಗೋಣಿಚೀಲಗಳನ್ನು ನೋಡಿ ನಿಂತಳು. ಮಾವ ಬೇಡ ಎನ್ನುವಷ್ಟರಲ್ಲಿ ಒಂದು ಹಾಳೆ ಎತ್ತಿ ಬಲ್ಬಿಗೆ ಹಿಡಿದಳು. ಸೇತುವೆಯ ಒಳಗಿನ ಬಿರುಕು ಹುಡುಕುವವಳಿಗೆ ಕಾಗದದ ಗುರುತು ಕಾಣಲು ಎಷ್ಟು ಹೊತ್ತು. ಇದೇನು ಎಂದು ಕೇಳಿದಳು. ಅವರು ಹೇಳಿದರು. ಒಮ್ಮೆ ಹೇಳಿ ಅಭ್ಯಾಸವಾಗಿತ್ತು, ಕಿಟಕಿಯ ಹತ್ತಿರ ನಡೆದದ್ದನ್ನೂ ಬಿಡದೆ ಹೇಳಿದರು.

ಅವಳು ಹಾಳೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದಳು.

“ಮಾವ, ನಿಜ ಹೇಳು. ನಾನು ಪಾಸಾಗಿದ್ದಾ, ನೀನು ಪಾಸ್ ಮಾಡ್ಸಿದ್ದಾ?”

“ಅಂಕ ನಿಂದೇ ಪುಟ್ಟಿ. ಒಂದೊಂದು ಅಂಕಾನೂ ನಿಂದೇ.”

“ಆದೇಶ?”

ರಬ್ಬರಪ್ಪನವರು ಅವಳ ಕೈಯಿಂದ ಹಾಳೆ ತೆಗೆದುಕೊಂಡು ನಾಲ್ಕು ಚೂರು ಮಾಡಿದರು. ಪುಟ್ಟಿ ಗಡಿಯಾರ ನೋಡಿದಳು, ನಾಲ್ಕೂಮುಕ್ಕಾಲು. ಮಾವನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಗೋಣಿಚೀಲದ ಮೇಲೆಯೇ ಸ್ವೀಕಾರ ಪತ್ರವನ್ನಿಟ್ಟು ಸಹಿ ಹಾಕಿದಳು. ಮೇಲೆ ಹೋಗಿ ಕೊಟ್ಟಳು ಎಂದು ಆಮೇಲೆ ತಿಳಿಯಿತು. ಕೆಳಗೆ ಬಂದು “ಬರ್ತೀನಿ ಮಾವ” ಎಂದು ಹೇಳಲಿಲ್ಲ.