ಮೂವತ್ತೊಂಬತ್ತು ಎಂದು ಬರೆದ ದಿನ

ಆಗೆಲ್ಲ ನಮಗೆ ಬೇಸಿಗೆ ರಜೆಯೆಂದರೆ ಕೆರೆಯ ದಂಡೆ. ನಮ್ಮೂರು ಮಾನ್ವಿ ತಾಲ್ಲೂಕಿನಲ್ಲಿ, ಕುರ್ಡಿಯ ಆಚೆ. ಏಪ್ರಿಲ್ ಬಂತೆಂದರೆ ಕೆರೆ ಒಣಗಿ ಬಿರುಕು ಬಿಡುತ್ತಿತ್ತು, ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತುವ ಕೆಲಸ ಶುರುವಾಗುತ್ತಿತ್ತು. ಅವ್ವಂದಿರ ಹಿಂದೆ ನಾವೂ ಹೊರಡುತ್ತಿದ್ದೆವು. ಒಣ ಕೆಸರಿನ ವಾಸನೆ, ಅಂಗಾಲಿಗೆ ಚುಚ್ಚುವ ಬಸವನಹುಳದ ಚಿಪ್ಪು, ಮಧ್ಯಾಹ್ನ ಬಿಚ್ಚುವ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ. ನಿಮ್ಮಲ್ಲಿ ಹಲವರಿಗೆ ಇದು ಹೊಸದಲ್ಲ.

ನಾನು ಆಗ ಆರನೇ ತರಗತಿ. ಕಂಡದ್ದನ್ನೆಲ್ಲ ಎಣಿಸಿ ಬರೆದಿಡುವುದು ನನ್ನ ಚಟ. ದಿನಕ್ಕೆ ಎಷ್ಟು ಸಲ ಕರೆಂಟು ಹೋಯಿತು, ಬಾವಿಯ ಮೆಟ್ಟಿಲು ಎಷ್ಟು ಕಾಣುತ್ತಿವೆ, ಎಲ್ಲವೂ ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ನೋಡಿಯೇ ವಿಜ್ಞಾನದ ಸರ್ ರಜೆಗೆ ಮುಂಚೆ ಒಂದು ಉಷ್ಣಮಾಪಕ ಕೊಟ್ಟು, ದಿನಾ ಬರೆದಿಡು ಎಂದಿದ್ದರು.

ಅದರ ಉಪಯೋಗ ಕಂಡುಕೊಂಡವಳು ಅವ್ವ. ಆಕೆ ಹೆಂಗಸರ ಗುಂಪಿನ ಮೇಟ್, ಹಾಜರಿ ಬರೆಯುವವಳು. ಹಿಂದಿನ ಬೇಸಿಗೆಯಲ್ಲಿ ಇಬ್ಬರಿಗೆ ಕಣ್ಣು ಕತ್ತಲೆ ಬಂದಿತ್ತು. ಆದರೂ ಎಷ್ಟೇ ಬಿಸಿಲಿರಲಿ, ಮೊದಲು ಬುಟ್ಟಿ ಇಳಿಸುವವರು ಯಾರು? ಮೊದಲು ಕೂತವಳಿಗೆ ವರ್ಷವಿಡೀ ಮೈಗಳ್ಳಿ ಎಂಬ ಹೆಸರು ಅಂಟಿಕೊಳ್ಳುತ್ತಿತ್ತು.

"ಯಾರೂ ಹೇಳಾದು ಬ್ಯಾಡ, ಆ ಕಡ್ಡಿ ಹೇಳ್ಲಿ," ಎಂದಳು ಅವ್ವ. "ನಲವತ್ತು ದಾಟ್ತಂದ್ರ ನಮ್ಮ ಮಂಜಿ ತಾಟು ಬಡೀತಾಳ. ಎಲ್ಲಾರೂ ಕೂಡೇ ಮ್ಯಾಲೆ ಬರಬೇಕು."

ಎಲ್ಲರೂ ಒಪ್ಪಿದರು. ದಂಡೆಯ ಬೇವಿನ ಗಿಡಕ್ಕೆ ಉಷ್ಣಮಾಪಕ ಕಟ್ಟಿದೆ. ಅರ್ಧ ಗಂಟೆಗೊಮ್ಮೆ ನೋಡುವುದು, ಬರೆಯುವುದು, ದಾಟಿದರೆ ಸ್ಟೀಲಿನ ತಾಟು ಬಡಿಯುವುದು ನನ್ನ ಕೆಲಸ.

ನಮ್ಮ ಪಕ್ಕದ ಮನೆಯ ಹುಲಿಗೆಮ್ಮ ಚಿಗವ್ವ ಮಣ್ಣು ಹೊತ್ತು ದಂಡೆ ಏರಿದಾಗಲೆಲ್ಲ ಕೇಳುತ್ತಿದ್ದಳು: "ಏನಂತದಬೇ ನಿನ್ನ ಕಡ್ಡಿ?"

"ಮೂವತ್ತೇಳು, ಚಿಗವ್ವ."

"ಅದಕ್ಕೇನ್ ಗೊತ್ತು! ನೆರಳಾಗ ತಂಪಗ ಜೋತು ಬಿದ್ದದ. ನನ್ನ ಬೆನ್ನ ಮ್ಯಾಲ ಇಟ್ಟು ನೋಡು, ರೊಟ್ಟಿ ಬೇಯೋದೊಂದು ಬಾಕಿ ಅದ."

ಉಳಿದವರು ಒಂದು ಬುಟ್ಟಿ ಹೊರುವಷ್ಟರಲ್ಲಿ ಆಕೆ ಎರಡು ಹೊರುತ್ತಿದ್ದಳು. ನಗುವುದು ಮಾತ್ರ ನಿಲ್ಲುತ್ತಿರಲಿಲ್ಲ.

ಹದಿನೆಂಟು ದಿನ ನಾನು ಒಂದು ಸಲವೂ ತಪ್ಪಿಸಲಿಲ್ಲ. ಆರು ಸಲ ತಾಟು ಬಡಿದೆ, ಆರು ಸಲವೂ ಎಲ್ಲರೂ ಮೇಲೆ ಬಂದರು. ಹತ್ತೊಂಬತ್ತನೆಯ ದಿನ ಗೆಳತಿ ರೇಣುಕಾಳ ಜೊತೆ ಐದು ಕಲ್ಲಿನ ಆಟಕ್ಕೆ ಕೂತಿದ್ದೆ. ಹನ್ನೊಂದು ಗಂಟೆಯಾಯಿತು. ಎದ್ದರೆ ಆಟ ಕೆಡುತ್ತಿತ್ತು, ನಾನು ಗೆಲ್ಲುವುದರಲ್ಲಿದ್ದೆ. ಹಿಂದಿನ ದಿನ ಹನ್ನೊಂದಕ್ಕೆ ಮೂವತ್ತೊಂಬತ್ತು ಇತ್ತು. ಕೂತಲ್ಲಿಂದಲೇ ಮೂವತ್ತೊಂಬತ್ತು ಎಂದು ಬರೆದೆ.

ಹನ್ನೊಂದೂಕಾಲಿಗೆ ಕೆಳಗಿನಿಂದ ಕೂಗು ಕೇಳಿತು. ಹುಲಿಗೆಮ್ಮ ಚಿಗವ್ವ ಬುಟ್ಟಿಯ ಸಮೇತ ಬಿದ್ದಿದ್ದಳು. ಮೈ ಕಾದ ಹಂಚಿನಂತಿತ್ತು, ಬೆವರೇ ಇರಲಿಲ್ಲ. ತಲೆಗೆ ನೀರು ಸುರಿದು, ಟಂಟಂ ಆಟೋದಲ್ಲಿ ಹಾಕಿಕೊಂಡು ಮಾನ್ವಿಗೆ ಹೋದರು. ಅಲ್ಲಿಂದ ರಾಯಚೂರಿಗೆ ಕಳಿಸಿದರು.

ದಂಡೆಯಲ್ಲಿ ಉಳಿದ ನಾನು ಗಿಡದ ಹತ್ತಿರ ಹೋಗಿ ನೋಡಿದೆ. ನಲವತ್ತಮೂರು. ಪೆನ್ನು ಕೈಯಲ್ಲೇ ಇತ್ತು. ಆ ಪುಸ್ತಕದಲ್ಲಿ ಅಲ್ಲಿಯವರೆಗೆ ಹೊಡೆದುಹಾಕಿದ ಒಂದು ಅಂಕಿಯೂ ಇರಲಿಲ್ಲ. ನಾನು ತಿದ್ದಲಿಲ್ಲ.

ಅದಾದ ಮೂರನೆಯ ದಿನ ಕೆಲಸ ನೋಡಲು ಸಾಹೇಬರೊಬ್ಬರು ಬಂದರು. ಕೆಲಸ ಮುಂಜಾನೆ ಆರಕ್ಕೇ ಶುರುವಾಗಲಿ, ನೆರಳಿಗೊಂದು ಚಪ್ಪರ ಬೇಕು ಎಂದು ಅವ್ವ ಕೇಳಿದಳು. ಅವರು ನನ್ನ ಪುಸ್ತಕ ತಿರುವಿದರು.

"ಎಷ್ಟು ಚಂದ ಬರದದರೀ ಹುಡುಗಿ! ನೋಡ್ರಿಲ್ಲಿ, ಮೂವತ್ತೊಂಬತ್ತು. ನಮ್ಮ ಕಡೆ ಮೂವತ್ತೊಂಬತ್ತಕ್ಕ ಯಾರು ಬೀಳ್ತಾರವ್ವ? ಆಕಿ ಉಪಾಸ ಬಂದಿರಬೇಕು."

ಅವ್ವ ನನ್ನತ್ತ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಚಪ್ಪರದ ಮಾತು ಆ ವರ್ಷ ಅಲ್ಲಿಗೇ ನಿಂತಿತು. ಹುಲಿಗೆಮ್ಮ ಚಿಗವ್ವ ಉಣ್ಣದೆ ಬಂದು ಬಿದ್ದಳು ಎಂಬುದೇ ಊರಿನ ಮಾತಾಯಿತು. ಆಸ್ಪತ್ರೆಯಿಂದ ಒಂಬತ್ತು ದಿನಕ್ಕೆ ತಿರುಗಿ ಬಂದವಳಿಗೆ ಮತ್ತೆ ಬಿಸಿಲಿನ ಕೆಲಸಕ್ಕೆ ಹೋಗಲಾಗಲಿಲ್ಲ. ಸ್ವಲ್ಪ ಬಿಸಿಲು ತಾಗಿದರೂ ವಾಂತಿ, ತಲೆಸುತ್ತು. ಭತ್ತದ ನಾಟಿಯ ಗುಂಪಿನವರು ಕರೆಯುವುದನ್ನೇ ಬಿಟ್ಟರು.

ಹನ್ನೊಂದು ಬೇಸಿಗೆ ಕಳೆದವು. ಈಗ ರಾಯಚೂರಿನಲ್ಲಿ ಓದುತ್ತಿದ್ದೇನೆ, ಈಗಲೂ ಬರೆದಿಡುತ್ತೇನೆ. ಅಂದು ಹನ್ನೊಂದಕ್ಕೆ ಬರುತ್ತಿದ್ದ ಅಂಕಿ ಕೆಲವು ದಿನ ಹತ್ತರೊಳಗೇ ಬಂದುಬಿಡುತ್ತದೆ. ಹಾಗೆ ಬರೆದುಕೊಳ್ಳುವಾಗಲೆಲ್ಲ ಅಂದಿನ ಮೂವತ್ತೊಂಬತ್ತು ನೆನಪಾಗುತ್ತಿತ್ತು. ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದವಳು ಸೀದಾ ಚಿಗವ್ವನ ಮನೆಗೆ ಹೋದೆ. ಆಕೆ ಒಳಗಿನ ಕೋಣೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ನನಗೆ ಕೆಮ್ಮು ಬಂತು. ಕೆಮ್ಮುತ್ತಲೇ ಎಲ್ಲವನ್ನೂ ಹೇಳಿದೆ.

ಆಕೆಯ ಕೈ ನಿಂತಿತು.

"ಅಂದ್ರ ನಾ ಉಂಡಿದ್ದು ಖರೇನಬೇ, ಮಂಜಿ? ಎರಡು ರೊಟ್ಟಿ, ಶೇಂಗಾ ಹಿಂಡಿ. ಎಲ್ಲಾರ ಮುಂದೂ ಹೇಳಿದ್ನಿ. ಯಾರೂ ನಂಬಲಿಲ್ಲ. ಹೇಳಿ ಹೇಳಿ ಸಾಕಾಗಿ ಕಡೀಕ ನಾನೂ ನಂಬೋದು ಬಿಟ್ನಿ."

ಆಕೆ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು.

"ಹನ್ನೊಂದು ವರ್ಷ ನನ್ನ ನೋಡಿಕೋತ ಅಡ್ಡಾಡಿದ್ಯಲ್ಲ," ಎಂದಳು. ಆಮೇಲೆ, "ನನಗ ಹೇಳಿದ್ರ ಏನಾತು? ಎಲ್ಲಾರ ಮುಂದ ಹೇಳು."

ಈಗ ಕೆರೆಯ ಕೆಲಸ ಆರಕ್ಕೇ ಶುರು, ಹತ್ತಕ್ಕೆ ಮುಗಿಯುತ್ತದೆ. ಚಪ್ಪರವಿದೆ, ಮಜ್ಜಿಗೆ ಬೆರೆಸಿದ ಅಂಬಲಿಯ ಕೊಡವಿದೆ. ನಾಲ್ಕು ವರ್ಷ ತಡವಾಗಿ ಬಂದವು, ನನ್ನ ಅಂಕಿಯಿಂದಾಗಿ. ನಾನು ಹೇಳಿದ ಮರುದಿನ ಮುಂಜಾನೆ ಆರಕ್ಕೆ ಹುಲಿಗೆಮ್ಮ ಚಿಗವ್ವ ನನ್ನ ಜೊತೆ ದಂಡೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಅವ್ವನ ಮುಂದೆ, ಎಲ್ಲರ ಮುಂದೆ ಹೇಳಿದೆ. ಅವ್ವ ಚಿಗವ್ವನ ಕಡೆ ತಿರುಗಿ, "ಹುಲಿಗಿ, ನಾನೂ ನಿನ್ನ ನಂಬಲಿಲ್ಲಲ್ಲ," ಎಂದಳು.

ಚಿಗವ್ವ ಯಾರದೋ ಖಾಲಿ ಬುಟ್ಟಿಯ ಪಕ್ಕ ಕೂತು ಕೆರೆಯನ್ನು ನೋಡುತ್ತಿದ್ದಳು. ಏಳೂವರೆಗೆ ಬಿಸಿಲು ಚುರುಕಾಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು, ಮನೆಯ ಕಡೆ ಬೇಗ ಬೇಗ ನಡೆದಳು. ಬೇಸಿಗೆಯ ಮುಂಜಾನೆಯಲ್ಲಿ ಆಕೆಯ ಪಾಲಿಗೆ ಉಳಿದಿರುವುದು ಆ ಒಂದೂವರೆ ಗಂಟೆ. ಆಕೆಯ ಉಳಿದ ಹಗಲನ್ನೆಲ್ಲ ಅಂದು ನಾನು ಕೂತಲ್ಲಿಂದಲೇ, ಒಂದು ಅಂಕಿ ಬರೆದು, ಕಸಿದುಕೊಂಡಿದ್ದೆ.