ಎಣ್ಣೆ ಡಬ್ಬದ ಕರಿಬೇವು

ಬಸವೇಶ್ವರನಗರದ ಒಂದು ಬಾಡಿಗೆ ಪೋರ್ಷನ್ನಿನಲ್ಲಿ ನಮಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದ ಮಿಸ್‌ಗೆ ಸಿದ್ಧ ಉತ್ತರಗಳ ಗೈಡ್ ಕಂಡರೆ ಆಗುತ್ತಿರಲಿಲ್ಲ. ಎಂಬತ್ತರ ದಶಕದ ಆ ವರ್ಷ ನಮ್ಮ ಬಿ.ಎ.ಗೆ ಒಂದು ಅಮೆರಿಕನ್ ಕಾದಂಬರಿ ಇತ್ತು. ಯಾರದೋ ಜಮೀನಿನಲ್ಲಿ ದುಡಿಯುತ್ತ, ಸ್ವಂತಕ್ಕೊಂದು ತುಂಡು ನೆಲದ ಕನಸು ಕಾಣುವ ಇಬ್ಬರು ಅಲೆಮಾರಿ ಕೂಲಿಗಳ ಕಥೆ. "ಆ ನೆಲ ಯಾವುದರ ಸಿಂಬಲ್ ಮಿಸ್?" ಎಂದು ಪೆನ್ನು ಹಿಡಿದು ಕೇಳಿದರೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, "ಮೊದ್ಲು ಅದು ನೆಲ ಕಣೇ. ಸಿಂಬಲ್ಲು ಆಮೇಲೆ," ಎನ್ನುತ್ತಿದ್ದರು. ಕಥೆಯಲ್ಲಿ ಬರುವ ಮುದಿ ನಾಯಿಯ ಬಗ್ಗೆ ಕೇಳಿದರೂ ಅದೇ ಉತ್ತರ: "ಮೊದ್ಲು ಅದು ನಾಯಿ ಕಣೇ."

ಮನೆಯ ಓನರ್ ಅಂಗಳ ಅಗೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಮಿಸ್ ಬೆಳೆಸಿದ ತುಳಸಿ, ದಾಸವಾಳ, ಕರಿಬೇವು ಎಲ್ಲವೂ ಹಳೆಯ ಎಣ್ಣೆ ಡಬ್ಬಗಳಲ್ಲಿ ಕಾಂಪೌಂಡಿನ ಪಕ್ಕ ಸಾಲಾಗಿ ಕೂತಿದ್ದವು. ಮನೆ ಬದಲಾಯಿಸಿದಾಗಲೆಲ್ಲ ಅವೂ ಅವರ ಜೊತೆ ಹೊರಡುತ್ತಿದ್ದವು.

ನಮ್ಮ ಪರೀಕ್ಷೆ ಮುಗಿದ ವಾರ ಅವರು ವಿಜಯನಗರದ ಇನ್ನೊಂದು ಬಾಡಿಗೆ ಮನೆಗೆ ಹೊರಟರು. ಡಬ್ಬ ಎತ್ತಲು ನಾವು ಹೋದೆವು. ಕರಿಬೇವಿನದು ಮಾತ್ರ ಮೇಲೇಳಲಿಲ್ಲ. ಬಗ್ಗಿ ನೋಡಿದರೆ, ತುಕ್ಕು ಹಿಡಿದ ತಳ ಒಡೆದು ಬೇರು ನೆಲಕ್ಕಿಳಿದಿತ್ತು. ಬೇರು ಕತ್ತರಿಸೋಣವೆಂದು ನಾನು ಮಚ್ಚು ತರಲು ಹೊರಟೆ.

"ಬೇಡ ಕಣೇ, ಬಿಟ್ಬಿಡು," ಎಂದರು ಮಿಸ್. "ನಮ್ಮನೇಲಿ ಇದೊಂದಕ್ಕಾದ್ರೂ ಜಾಗ ಸಿಕ್ತಲ್ಲ."

ನನ್ನ ಗೆಳತಿಗೆ ತಡೆಯಲಾಗಲಿಲ್ಲ. "ಮಿಸ್, ಇದು ಸಿಂಬಲ್ಲು..."

"ಮೊದ್ಲು ಕರಿಬೇವು ಕಣೇ," ಎಂದ ಮಿಸ್, ಸಂಜೆಯ ಸಾರಿಗೆಂದು ನಾಲ್ಕು ಎಸಳು ಕಿತ್ತುಕೊಂಡು ಆಟೋ ಹತ್ತಿದರು.